ನಕ್ಷೆಯಿಂದ ತೆಗೆಯಬೇಕಿದ್ದ ಹೊಂಡ

ಶುಕ್ರವಾರದ ಸಂತೆ ಮುಗಿಸಿ ಸವೇತಾ ಹುಲ್ಲುಗಾವಲಿಗೆ ಬಂದಾಗ ಎಮ್ಮೆಗಳ ಹೊಂಡ ಇರಲಿಲ್ಲ.

ಹೊಂಡವಿದ್ದಲ್ಲಿ ಹೊಸ ಮಣ್ಣು. ಅದರ ಮೇಲೆ ರೋಲರ್ ಓಡಿದ ಗುರುತು. ಎಮ್ಮೆಗಳು ಸುತ್ತ ನಿಂತು ಒಣನೆಲವನ್ನು ಮೂಸುತ್ತಿದ್ದವು. ಮೈದುನ ತ್ರಾಯಾನ್ ತನ್ನ ಅಗೆಯುವ ಯಂತ್ರದ ನೆರಳಲ್ಲಿ ಕೂತು ಬ್ರೆಡ್ಡಿಗೆ ಹಂದಿಕೊಬ್ಬು ಸವರುತ್ತಿದ್ದ.

"ಹೆಂಗಿದೆ ಅತ್ತಿಗೆ? ನಿಮ್ಮಪ್ಪ ಗೋರಿಯಿಂದ ಎದ್ದು ಬಂದ್ರೂ ಇಲ್ಲೊಂದು ಹೊಂಡ ಇತ್ತು ಅಂತ ಗೊತ್ತಾಗಲ್ಲ."

ಸವೇತಾ ಖಾಲಿ ಮೊಸರಿನ ಡಬ್ಬಗಳನ್ನು ಕೆಳಗಿಟ್ಟಳು.

ಟ್ರಾನ್ಸಿಲ್ವೇನಿಯಾದ ಈ ಗುಡ್ಡಗಳಲ್ಲಿ ಒಂದು ಕಾಲಕ್ಕೆ ಮನೆಮನೆಯಲ್ಲೂ ಎಮ್ಮೆ ಇತ್ತು. ಈಗ ಇಡೀ ಊರಿಗೆ ಸವೇತಾಳದೊಂದೇ ಮಂದೆ. ದುಡಿಯುತ್ತಿದ್ದ ಬಟ್ಟೆ ಕಾರ್ಖಾನೆ ಮುಚ್ಚಿದಾಗ ಅವಳು ಅಪ್ಪನ ಹುಲ್ಲುಗಾವಲಿಗೆ ಮರಳಿದಳು. ಗಂಡ ತೀರಿಕೊಂಡ ಮೇಲೂ ಬಿಡಲಿಲ್ಲ. ಅವಳ ಮೊಸರು ಊರ ಶಾಲೆಯ ಊಟಕ್ಕೆ ಹೋಗುತ್ತದೆ, ಮಿಕ್ಕದ್ದು ಸಂತೆಗೆ. ಆದರೂ ಯುರೋಪಿಯನ್ ಒಕ್ಕೂಟ ಕೊಡುವ ಸಹಾಯಧನ ಬರದಿದ್ದರೆ ಚಳಿಗಾಲದ ಮೇವು ಹೊಂದಿಸಲಾಗುವುದಿಲ್ಲ. ಆ ಹಣ ಹುಲ್ಲಿರುವ ನೆಲಕ್ಕೆ ಮಾತ್ರ. ಹುಲ್ಲಿದೆಯೋ ಇಲ್ಲವೋ ಎಂದು ನೋಡುವುದು ಉಪಗ್ರಹ.

ಈ ವರ್ಷದ ಚಿತ್ರದಲ್ಲಿ ಹಸಿರಿನ ನಡುವೆ ಒಂದು ಕಪ್ಪು ಚುಕ್ಕೆ ಕಂಡಿತ್ತು. ಸಹಾಯಧನದ ಕಚೇರಿಯವರು ಕರೆದ ದಿನ ಕೊಟ್ಟಿಗೆಯಲ್ಲಿ ಎಮ್ಮೆಯೊಂದು ಈಯುತ್ತಿತ್ತು. ಸವೇತಾ ಮೈದುನನನ್ನು ಕಳಿಸಿದಳು. ಅಧಿಕಾರಿ ಹೆಂಗಸು ಪರದೆಯ ಮೇಲಿನ ಚುಕ್ಕೆಗೆ ಬೆರಳಿಟ್ಟು ಹೇಳಿದ್ದು ಇಷ್ಟೇ: "ಈ ಹೊಂಡ ತೆಗೆದುಹಾಕಿ. ಉಳಿದದ್ದೆಲ್ಲ ಸರಿಯಿದೆ." ಅತ್ತಿಗೆಗೆ ಸುಮ್ಮನೆ ಚಿಂತೆ ಏಕೆಂದು ತ್ರಾಯಾನ್ ಮನೆಯಲ್ಲಿ ಬಾಯಿ ಬಿಡಲಿಲ್ಲ. ಅವಳು ಸಂತೆಗೆ ಹೋಗುವುದನ್ನು ಕಾದು ಯಂತ್ರ ತಂದ.

ಸವೇತಾ ಅಲ್ಲಿಂದಲೇ ಕಚೇರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ಅಯ್ಯೋ ದೇವ್ರೇ," ಎಂದಿತು ಆ ಕಡೆಯ ದನಿ. "ನಾನಂದಿದ್ದು ನಕ್ಷೆಯಿಂದ, ಅಮ್ಮಾ! ಸುತ್ತ ಒಂದು ಗೆರೆ ಎಳೆದು ಅಷ್ಟು ಜಾಗ ಲೆಕ್ಕದಿಂದ ಬಿಟ್ಟಿದ್ರೆ ಮುಗೀತಿತ್ತು. ಹವಾಮಾನ ಹಿಂಗಾಗಿರೋವಾಗ ನೀರಿರೋ ಹೊಂಡ ಮುಚ್ಚಿ ಅಂತ ನಾವ್ಯಾಕೆ ಹೇಳ್ತೀವಿ?"

ತ್ರಾಯಾನ್ ಬ್ರೆಡ್ಡು ಕೆಳಗಿಟ್ಟ. "ತೆಗೆದುಹಾಕಿ ಅಂದ್ರು. ತೆಗೆದುಹಾಕ್ದೆ."

"ತಲೆ ತೆಗೆದುಹಾಕು ಅಂದಿದ್ರೆ?"

ಅವನು ಯಂತ್ರ ಹತ್ತಿದ. ಕತ್ತಲಾಗುವುದರೊಳಗೆ ಹೊಂಡ ಮತ್ತೆ ಬಾಯಿ ತೆರೆದಿತ್ತು. ತೊರೆಯಿಂದ ಪಂಪು ಹಾಕಿ ತುಂಬಿಸಿದರು. ಬೆಳಿಗ್ಗೆ ನೋಡಿದರೆ ತಳದಲ್ಲಿ ಹನಿ ನೀರಿಲ್ಲ. ಆ ತಳವನ್ನು ಯಾರೂ ಕಟ್ಟಿರಲಿಲ್ಲ. ತಲೆಮಾರುಗಳಿಂದ ಎಮ್ಮೆಗಳು ಜೇಡಿಮಣ್ಣನ್ನು ತುಳಿದು ತುಳಿದು ನೀರು ಇಂಗದ ಹಾಗೆ ಮಾಡಿದ್ದವು. ಮುಚ್ಚುವ ಮೊದಲು ತ್ರಾಯಾನ್ ಕೆಲಸ ಅಚ್ಚುಕಟ್ಟಾಗಲೆಂದು ಕೆಸರಿನ ಜತೆ ಆ ಪದರವನ್ನೂ ಕೆರೆದು ಎಸೆದಿದ್ದ.

ಅದು ಜುಲೈ. ಬಿಸಿಲು ಬಡಿಯುತ್ತಿತ್ತು. ತೊರೆಯಲ್ಲಿ ಎಮ್ಮೆಯ ಗೊರಸು ಮುಳುಗುವಷ್ಟೂ ಆಳವಿರಲಿಲ್ಲ. ಇಬ್ಬರೂ ಹಾಲಿನ ಕ್ಯಾನುಗಳಲ್ಲಿ ನೀರು ಹೊತ್ತು ಸುರಿದರು. ಸೋಮವಾರ ಮಧ್ಯಾಹ್ನ ಗಬ್ಬದ ಎಮ್ಮೆ ಮಿಂದ್ರಾ ಒಣ ಹೊಂಡಕ್ಕಿಳಿದು ಮಲಗಿತು. ಏಳಲಿಲ್ಲ. ಸಂಜೆ ಅದರ ಕಣ್ಣಿನ ಮೇಲೆ ನೊಣ ಕೂತರೂ ರೆಪ್ಪೆ ಅಲುಗಲಿಲ್ಲ.

ತ್ರಾಯಾನ್ ಟೋಪಿ ತೆಗೆದ. "ಅತ್ತಿಗೆ, ಬೈದಾದ್ರೂ ಬಿಡ್ರಿ."

ಸವೇತಾ ಬೈಯಲಿಲ್ಲ. ಮರುದಿನ ಹೊಳೆದಂಡೆಯಿಂದ ಜೇಡಿಮಣ್ಣು ತರಿಸಿ ತಳಕ್ಕೆ ಹರಡಿಸಿದಳು. ಮಣ್ಣು ಕೆಸರಾಗುವಷ್ಟು ನೀರು ಬಿಡಿಸಿ ಉಳಿದ ಎಮ್ಮೆಗಳನ್ನು ಒಳಕ್ಕೆ ಅಟ್ಟಿದಳು. ಅವು ಮಲಗಲು ನೋಡಿದವು. ಅವಳು ಮೊಣಕಾಲುದ್ದದ ಕೆಸರಿಗಿಳಿದು, ಒಂದೊಂದರ ಬೆನ್ನು ತಟ್ಟಿ ಎಬ್ಬಿಸಿ, ಸುತ್ತು ಹಾಕಿಸಿದಳು.

"ಮಣ್ಣು ಕೂಡಿಕೊಂಡು ನೀರು ನಿಲ್ತದಾ?" ದಂಡೆಯಿಂದ ತ್ರಾಯಾನ್ ಕೇಳಿದ.

"ನಂಗೇನ್ ಗೊತ್ತು? ಬೂಟು ಬಿಚ್ಚಿ ಇಳಿ. ನಿಂದೂ ಎರಡು ಕಾಲಿದಾವಲ್ಲ."