ಭಾರಕ್ಕೆಂದು ಕೂತ ಹೆಂಡತಿ

ಗೆಳೆಯರೇ, ಇವತ್ತು ನನ್ನ ಹೆಂಡತಿ ಶಪಥ ಮುರಿದಳು.

ನನ್ನ ಸ್ಪೋರ್ಟ್ಸ್ ಕಾರನ್ನು ಚಂದಕ್ಕೆಂದು ನೆಲಕ್ಕೆ ಹತ್ತಿರವಾಗುವಷ್ಟು ತಗ್ಗಿಸಿಕೊಂಡಿದ್ದೆ. ಅಂದಿನಿಂದ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಹಿಂದಿನ ಚಕ್ರಗಳು ದಡದಡ ಕುಣಿಯುತ್ತಿದ್ದವು. "ಇದ್ರಲ್ಲಿ ಇನ್ನು ನಾನು ಕೂರುದಿಲ್ಲ, ಮಾರಿಬಿಡಿ" ಎಂದಿದ್ದಳು.

ಇವತ್ತು ಬೆಳಿಗ್ಗೆ ಹಮೀದಣ್ಣನ ಫೋನು; ಕೊಲ್ಲಿ ದೇಶದ ಈ ಊರಿನ ಸೆಗಯಾ ಬಡಾವಣೆಯಲ್ಲಿ ಕಾರು ತಗ್ಗಿಸಿಕೊಟ್ಟ ಮೆಕ್ಯಾನಿಕ್ ಅವರೇ. "ತಪ್ಪು ನಂದೇ ಮಾರಾಯ್ರೆ. ಗಾಡಿ ಜಾಕಿಯ ಮೇಲೆ ನೇತಾಡ್ತಿರುವಾಗಲೇ ಹಿಂದಿನ ಚಕ್ರ ಹಿಡಿಯುವ ತೋಳುಗಳ ರಬ್ಬರ್ ಬುಷ್‌ಗಳ ಬೋಲ್ಟ್ ಬಿಗಿ ಮಾಡಿದ್ದೆ. ಕೆಳಗಿಳಿಸಿದ ಮೇಲೆ ರಬ್ಬರ್ ತಿರುಚಿಕೊಂಡೇ ಉಂಟು, ಅದಕ್ಕೇ ಚಕ್ರ ಕುಣಿಯುದು. ನೆಲದ ಮೇಲೆ, ಜನರ ಭಾರ ಬಿದ್ದ ಮೇಲೆ ಬಿಗಿ ಮಾಡ್ಬೇಕಿತ್ತು. ಮನೆಯವರನ್ನೂ ಕರ್ಕೊಂಡು ಬನ್ನಿ."

ಶುಕ್ರವಾರದ ರಜೆಯಲ್ಲಿ ತಾನಾಗಿ ಫೋನು ಮಾಡಿ ತಪ್ಪು ಒಪ್ಪಿಕೊಳ್ಳುವ ಮೆಕ್ಯಾನಿಕ್ಕನ್ನು ನಾನು ಬೇರೆಲ್ಲೂ ಕಂಡಿಲ್ಲ.

ಟ್ಯಾಕ್ಸಿಯಲ್ಲಿ ಬಂದ ಹೆಂಡತಿ ಗ್ಯಾರೇಜಿನಲ್ಲಿ ಕೈಕಟ್ಟಿ ನಿಂತಳು. "ಕೂರುದಿಲ್ಲ ಅಂತ ಹೇಳಿ ಆಗಿದೆ."

ಕಾರಿನ ಕೆಳಗಿನ ಗುಂಡಿಯಿಂದ ಹಮೀದಣ್ಣನ ದನಿ ಬಂತು. "ಅಕ್ಕಾ, ಕೂತ್ಕೊಳ್ಳಿ. ಗಾಡಿ ಎಲ್ಲಿಗೂ ಹೋಗುದಿಲ್ಲ."

ಅವಳಿಗೇ ನಗು ಬಂತು. ಕೂತಳು. ಪಕ್ಕದಲ್ಲಿ ನಾನು. ಕೆಳಗೆ ಒಂದೊಂದೇ ಬೋಲ್ಟ್ ಸಡಿಲವಾಗಿ ಮತ್ತೆ ಬಿಗಿಯಾಯಿತು.

ಕೆಲಸ ಮುಗಿದ ಮೇಲೂ ಅವಳು ಇಳಿಯಲಿಲ್ಲ, ಹಾಗೇ ರಸ್ತೆಗೆ ಹೊರಟೆವು. ಸಿಗ್ನಲ್‌ನಲ್ಲಿ ಹಸಿರು ದೀಪ ಬಿದ್ದ ಕೂಡಲೇ ಆಕ್ಸಿಲರೇಟರ್ ಜೋರಾಗಿ ಒತ್ತಿದೆ. ಕುಣಿತವಿಲ್ಲ, ಸದ್ದಿಲ್ಲ! ಅವಳು ಸೀಟಿನ ಅಂಚು ಬಿಟ್ಟು ಹಿಂದಕ್ಕೆ ಒರಗಿದಳು. "ಹಾಗಾದ್ರೆ ಬುದಯ್ಯದ ತೋಟಗಳ ಕಡೆ ತಿರುಗಿಸಿ, ತರಕಾರಿ ತೆಗೊಳ್ಳುವ."

ಹಮೀದಣ್ಣಾ, ನಿಮ್ಮ ಉಪಕಾರ ಮರೆಯಲಾರೆ. ಮಾರಿಹೋಗಬೇಕಿದ್ದ ಕಾರು ಮನೆಯಲ್ಲೇ ಉಳಿಯಿತು. ಅದರ ಹಿಂದಿನ ಸೀಟಿನಲ್ಲಿ ಸದ್ಯಕ್ಕೆ ಎರಡು ಕುಂಬಳಕಾಯಿಗಳು ಸೀಟ್ ಬೆಲ್ಟ್ ಹಾಕಿಕೊಂಡು ಕೂತಿವೆ.