ನಡುವೆ ಕುಳಿತವಳು

ನನ್ನ ಅವ್ವ ನನ್ನ ಮಗಳ ಮದುವೆಯನ್ನು ಹರಸಲೇ ಇಲ್ಲ. ಹರಸಿದಳೆಂದು ಮಗಳನ್ನು ನಂಬಿಸಿದವಳು ನಾನು. ಆ ಮದುವೆಯ ಸುದ್ದಿಯೇ ಅವ್ವನಿಗೆ ಮುಟ್ಟದಂತೆ ನೋಡಿಕೊಂಡವಳೂ ನಾನೇ. ಇಬ್ಬರ ನಡುವೆ ಕುಳಿತು ಇಬ್ಬರಿಗೂ ಮೋಸ ಮಾಡಿದೆ — ಬೇರೆ ಯಾವ ಹೆಸರಿಟ್ಟು ಕರೆದರೂ ಅದು ಮೋಸವೇ.

ಅವ್ವ ಧಾರವಾಡದವಳು. ಮದುವೆಗೆ ಎರಡು ವರ್ಷ ಮೊದಲು ಲಾಂಗ್ ಐಲೆಂಡ್‌ನ ಜೆರಿಕೋ ಎಂಬ ಊರಿನ ನಮ್ಮ ಮನೆಗೆ ಬಂದು ಕೆಲವು ತಿಂಗಳು ಇದ್ದಳು. ಮಗಳು ಅದಿತಿ ತಾನಿದ್ದ ಹೋಬೋಕನ್ ಊರಿನಿಂದ ವಾರದ ಕೊನೆಗೆ ಅಜ್ಜಿಯನ್ನು ನೋಡಲೆಂದೇ ಬರುತ್ತಿದ್ದಳು. ಇಲ್ಲೇ ಹುಟ್ಟಿ ಬೆಳೆದ ಅವಳ ಕನ್ನಡ ಊಟ-ತಿಂಡಿಯ ಆಚೆ ಹೋಗದು. ಅವ್ವನಿಗೆ ಇಂಗ್ಲಿಷ್ ಬಾರದು. ಆದರೂ ಒಬ್ಬರೆಂದರೆ ಒಬ್ಬರಿಗೆ ಜೀವ. ಮಗಳ ಒರಟು ಮಾತನ್ನು ಮೆತ್ತಗೆ ಮಾಡಿ ಅತ್ತ ದಾಟಿಸುವುದು, ಅವ್ವನ ಗೊಣಗಾಟವನ್ನು ಅರ್ಧ ನುಂಗಿ ಇತ್ತ ದಾಟಿಸುವುದು — ವರ್ಷಗಳಿಂದ ಅದು ನನ್ನ ಕೆಲಸವಾಗಿತ್ತು. ಅದರಲ್ಲಿ ತಪ್ಪಿದೆ ಎಂದು ಎಂದೂ ಅನ್ನಿಸಿರಲಿಲ್ಲ.

ಅಕ್ಟೋಬರ್‌ನ ಒಂದು ಶನಿವಾರ ನಾವು ಮೂವರು ಲಾಂಗ್ ಐಲೆಂಡ್‌ನ ಪೂರ್ವದ ತುದಿಗೆ ಹೋದೆವು. ರಸ್ತೆಯ ಎರಡೂ ಬದಿಗೆ ದ್ರಾಕ್ಷಿ ತೋಟ, ಎಲೆಗಳು ಹಳದಿಗೆ ತಿರುಗಿದ್ದವು. ಇವನ್ನೂ ನಮ್ಮ ವಿಜಾಪುರದವರ ಹಾಗೆ ಒಣಗಿಸಿ ಮಾರುತ್ತಾರೇನು ಎಂದು ಅವ್ವ ಕೇಳಿದಳು. ವೈನ್ ಮಾಡುತ್ತಾರೆ ಎಂದೆ. ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು.

ಗ್ರೀನ್‌ಪೋರ್ಟ್ ಸಣ್ಣ ಊರು. ಊಟವಾದ ಮೇಲೆ ಅದರ ಮುಖ್ಯ ಬೀದಿಯಲ್ಲಿ ನಿಧಾನವಾಗಿ ನಡೆದೆವು. ಅಂಗಡಿಗಳ ಮುಂದೆ ಕುಂಬಳಕಾಯಿ ಸಾಲು, ಬಾಗಿಲ ಹೊರಗೆ ಗ್ಲಾಸು ಹಿಡಿದು ನಿಂತ ಜನ. ಅವ್ವ ಸ್ವೆಟರಿನ ಮೇಲೆ ಶಾಲು ಹೊದ್ದು ಅದಿತಿಯ ಕೈ ಹಿಡಿದಿದ್ದಳು. ದೋಣಿಗಳು ನಿಲ್ಲುವ ಕಡೆ ಒಂದು ಬೆಂಚು ಸಿಕ್ಕಿತು. ನಾನು ನಡುವೆ ಕುಳಿತೆ.

ಅಲ್ಲಿ ಅದಿತಿ ಇಂಗ್ಲಿಷಿನಲ್ಲಿ ಅಜ್ಜಿಗೆ ಹೇಳಿದಳು — ತಾನು ರೇಚಲ್ ಎಂಬ ಹುಡುಗಿಯನ್ನು ಪ್ರೀತಿಸುತ್ತೇನೆ, ಅವಳನ್ನೇ ಮದುವೆಯಾಗುತ್ತೇನೆ, ಅಜ್ಜಿಯಿಂದ ಮುಚ್ಚಿಟ್ಟು ಇರಲಾರೆ ಎಂದು. ನನಗೆ ಬೇಸಿಗೆಯಲ್ಲೇ ಹೇಳಿದ್ದಳು. ನಾನು ಅಂದಿನಿಂದ ಆ ವಿಷಯ ಎತ್ತಿರಲಿಲ್ಲ.

"ಹೇಳಮ್ಮ," ಎಂದು ಇಂಗ್ಲಿಷಿನಲ್ಲೇ ನನಗೆ ಹೇಳಿದಳು. "ಎಕ್ಸ್ಯಾಕ್ಟ್ಲೀ ನಾನು ಹೇಳಿದ ಹಾಗೇ."

ಅವ್ವ ನನ್ನ ಮುಖ ನೋಡುತ್ತಿದ್ದಳು. ಹುಡುಗಿಯ ಕಣ್ಣು ತುಂಬಿದ್ದು ಅವಳಿಗೂ ಕಂಡಿತ್ತು.

ನಾನು ಅಂದೆ, "ಅವ್ವ, ಅದಿತಿ ಇನ್ನ ಮುಂದ ತನ್ನ ಗೆಳತಿ ಜೋಡಿ ಮನಿ ಮಾಡಿಕೊಂಡು ಇರ್ತಾಳಂತ. ನಿನಗ ಬ್ಯಾಸರ ಆಗ್ತದೇನೋ ಅಂತ ಅಂಜ್ಯಾಳ."

ಅವ್ವ ನನ್ನ ಮಡಿಲ ಮೇಲಿಂದ ಕೈ ಚಾಚಿ ಮೊಮ್ಮಗಳ ಕೆನ್ನೆ ಸವರಿದಳು. "ಬ್ಯಾಸರ ಯಾಕವ್ವಾ? ಒಬ್ಬಾಕಿನ ಇರೋದಕ್ಕಿಂತ ಜೋಡಿಗೊಬ್ರು ಇದ್ರ ಚಲೋನ ಆತು. ಒಬ್ಬರಿಗೊಬ್ಬರು ಹೊಂದಿಕೊಂಡು ಇರ್ರಿ."

ಇದನ್ನು ಮಾತ್ರ ನಾನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಂದೆ. ಅದಿತಿ ಎದ್ದು ಬಂದು ಅಜ್ಜಿಯನ್ನು ತಬ್ಬಿ ಅತ್ತಳು. ಇಷ್ಟಕ್ಕೆಲ್ಲ ಅಳುತ್ತಾರೇನೇ ಹುಚ್ಚಿ ಎಂದು ಅವ್ವ ಅವಳ ಬೆನ್ನು ತಟ್ಟಿದಳು.

ವಯಸ್ಸಾದ ಜೀವ, ತಡೆದುಕೊಳ್ಳಲಾರದು — ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದು ಅದು. ನಿಜವಲ್ಲ. ಮಗಳನ್ನು ಹೇಗೆ ಬೆಳೆಸಿದೆ ಎಂದು ಅವ್ವ ಕೇಳಿಯಾಳು, ಧಾರವಾಡದ ಬಂಧುಗಳ ಬಾಯಿಗೆ ಬಿದ್ದೇನು ಎಂದು ಹೆದರಿದ್ದೆ. ಅದಕ್ಕಿಂತ ಕೀಳಾದ ಇನ್ನೊಂದು ಹೆದರಿಕೆ ಇತ್ತು. ಅವ್ವ ಒಪ್ಪಿಬಿಟ್ಟರೆ? ಒಪ್ಪದವಳು ನಾನೊಬ್ಬಳೇ ಉಳಿಯುತ್ತಿದ್ದೆ. ನಾನು ಅಡಗಿಕೊಳ್ಳಲು ಅವ್ವನ ವಯಸ್ಸಿನ ಮರೆಯೂ ಇರುತ್ತಿರಲಿಲ್ಲ, ಸಂಪ್ರದಾಯದ ಮರೆಯೂ ಇರುತ್ತಿರಲಿಲ್ಲ.

ಆಮೇಲಿನದು ಒಂದು ಸುಳ್ಳನ್ನು ಕಾಯುವ ಕೆಲಸ. ಅವ್ವ ಊರಿಗೆ ಹೋದಳು. ಎರಡು ವರ್ಷದ ನಂತರ ಮದುವೆ. ಅಜ್ಜಿ ವಿಡಿಯೋದಲ್ಲಾದರೂ ನೋಡಲಿ ಎಂದು ಅದಿತಿ ಹಟ ಹಿಡಿದಳು. ಅಜ್ಜಿಗೆ ಹುಷಾರಿಲ್ಲ ಎಂದೆ. ಅವ್ವ ಗಟ್ಟಿಮುಟ್ಟಾಗಿಯೇ ಇದ್ದಳು. ಮದುವೆಯ ಊಟದ ಹೊತ್ತಿಗೆ ಅದಿತಿ ಮೈಕ್ ಹಿಡಿದು, ನಮ್ಮನ್ನು ಎಲ್ಲರಿಗಿಂತ ಮೊದಲು ಹರಸಿದವಳು ನನ್ನ ಅಜ್ಜಿ ಎಂದಳು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಮುಂದಿನ ವಾರ ಫೋನಿನಲ್ಲಿ ಅವ್ವ ಎಂದಿನಂತೆ ಕೇಳಿದಳು, "ಕೂಸಿಗೆ ಎಲ್ಲೆರೆ ವರ ನೋಡಿದಿ ಏನ?" ನೋಡುತ್ತಿದ್ದೇನೆ ಎಂದೆ. ಮೊಮ್ಮಗಳ ಮದುವೆಗೆಂದು ಒಂದು ಇಳಕಲ್ ಸೀರೆ ತೆಗೆದಿಟ್ಟಿದ್ದಳು. ಕಳೆದ ವರ್ಷ ಅವ್ವ ತೀರಿಕೊಂಡಾಗ ಅದು ಮಡಿಕೆ ಬಿಚ್ಚದೆ ಹಾಗೆಯೇ ಇತ್ತು.

ರೇಚಲ್‌ಳನ್ನು ಮನೆಯವಳೆಂದು ಒಪ್ಪಲು ನನಗೆ ಮೂರು ವರ್ಷ ಹಿಡಿಯಿತು. ಈಗ ಅವಳು ನಮ್ಮವಳೇ. ಆದರೆ ಹೋದ ತಿಂಗಳು ಊಟಕ್ಕೆ ಕುಳಿತಾಗ ಅದಿತಿ, ಸಿಟ್ಟಿಲ್ಲದೆ, ನಗುತ್ತಲೇ ಅಂದಳು — ಅಜ್ಜಿಗೆ ಒಂದು ನಿಮಿಷ ಸಾಕಾಯಿತು, ನಿನಗೆ ಮಾತ್ರ ಇಷ್ಟು ವರ್ಷ ಬೇಕಾಯಿತು. ಅವಳು ಪ್ರೀತಿಯಿಂದ ನೆನೆಯುತ್ತಿದ್ದ ಆ ಅಜ್ಜಿ ನನ್ನ ಸುಳ್ಳಿನಿಂದ ಹುಟ್ಟಿದವಳು. ನಿಜವಾದ ಅಜ್ಜಿ ಅವಳಿಗೆ ಸಿಗಲೇ ಇಲ್ಲ.

ಕಳೆದ ಭಾನುವಾರ ಅದಿತಿ ಒಬ್ಬಳೇ ಬಂದಾಗ ಎಲ್ಲ ಹೇಳಿದೆ. ಬೆಂಚಿನ ಮೇಲೆ ನಾನು ಆಡಿದ ಮಾತು, ಫೋನಿನ ಮಾತು, ಹುಷಾರಿಲ್ಲ ಎಂದದ್ದು, ಸೀರೆ. ಅವಳು ತಡೆಯಲಿಲ್ಲ, ಅಳಲಿಲ್ಲ. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: ನೀನು ಸರಿಯಾಗಿ ಹೇಳಿದ್ದರೆ ಅಜ್ಜಿ ಏನೆನ್ನುತ್ತಿದ್ದಳು?

ಒಪ್ಪುತ್ತಿದ್ದಳು ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು.

"ಗೊತ್ತಿಲ್ಲ," ಎಂದೆ.

ಅವಳು ಎದ್ದು ಕೋಟು ಹಾಕಿಕೊಂಡಳು. ಬಾಗಿಲ ಬಳಿ ನಿಂತು, ಇದನ್ನು ರೇಚಲ್‌ಗೆ ನಾನೇ ಹೇಳುತ್ತೇನೆ, ನೀನು ನಡುವೆ ಬರಬೇಡ ಎಂದಳು.

ಬರುವುದಿಲ್ಲ ಎಂದೆ.