ಅಂಬಿಗನ ಬಾಯಲ್ಲಿ ಹೆಚ್ಚಾದ ಒಂದು ಹಲ್ಲು

ಆಕೆಗೆ ನಲವತ್ತೆಂಟು ವರ್ಷ. ಅದರಲ್ಲಿ ಇಪ್ಪತ್ತಾರು ವರ್ಷ ಬೇರೆಯವರ ಹಲ್ಲು ಮಾಡುವುದರಲ್ಲೇ ಕಳೆದಿದೆ. ದಂತವೈದ್ಯರು ಕಳಿಸುವ ಅಚ್ಚಿಗೆ ಪ್ಲಾಸ್ಟರ್ ಸುರಿಯುವುದು, ಗುಲಾಬಿ ಮೇಣದಲ್ಲಿ ಒಸಡು ತಿದ್ದುವುದು, ಒಂದೊಂದೇ ಹಲ್ಲು ಕೂರಿಸುವುದು, ಕೊನೆಗೆ ಇಡೀ ಸೆಟ್ಟನ್ನು ದವಡೆಯಂತೆ ಆಡುವ ಹಿತ್ತಾಳೆಯ ಕೀಲಿಗೆ ಸಿಕ್ಕಿಸಿ ಬಾಯಿ ತೆರೆದು ಮುಚ್ಚಿ ನೋಡುವುದು. ನೆಲಮಾಳಿಗೆಯ ಆ ಲ್ಯಾಬಿನಲ್ಲಿ ಕಿಟಕಿಯಿಲ್ಲ. ಹಲ್ಲು ಹಾಕಿಸಿಕೊಳ್ಳುವವರ ಮುಖವನ್ನು ಆಕೆ ನೋಡುವುದೂ ಇಲ್ಲ, ಆದರೆ ಯಾರು ಯಾವ ಕಡೆಯಿಂದ ಅಗಿಯುತ್ತಾರೆ ಎಂಬುದು ಗೊತ್ತಿರುತ್ತದೆ. ವಠಾರದವರೆಲ್ಲ ಕರೆಯುವುದು ಹಲ್ಲಕ್ಕ ಎಂದೇ.

ಐದು ವರ್ಷಗಳ ಹಿಂದೆ, ಮನೆಯಲ್ಲಿ ಕರೆಂಟು ಹೋದ ಒಂದು ಭಾನುವಾರ ಮಧ್ಯಾಹ್ನ, ಹಲ್ಲಕ್ಕ ತಂಪಿಗೆಂದು ಅತ್ತೆಯನ್ನು ಕರೆದುಕೊಂಡು ಹತ್ತಿರದ ಚಿತ್ರಮಂದಿರಕ್ಕೆ ಹೋಗಿದ್ದರು. ನಡೆಯುತ್ತಿದ್ದುದು ಮಕ್ಕಳ ಆ್ಯನಿಮೇಷನ್ ಚಿತ್ರ. ಅದರಲ್ಲೊಬ್ಬ ಮುದಿ ಅಂಬಿಗ ದೋಣಿಯಲ್ಲಿ ಕೂತು ಒಣ ಬ್ರೆಡ್ಡು ತಿನ್ನುತ್ತಾನೆ. ಕಚ್ಚುವ ಮೊದಲು ಅವನ ಕೆಳದವಡೆ ಕೂದಲೆಳೆಯಷ್ಟು ಎಡಕ್ಕೆ ಜಾರಿತು, ನಾಲಿಗೆ ಮೇಲಕ್ಕೆ ಒತ್ತಿಕೊಂಡಿತು. ಅವನದು ಕಟ್ಟಿಸಿಕೊಂಡ ಹಲ್ಲೆಂದು ಕತೆಯಲ್ಲಿ ಯಾರೂ ಹೇಳಿರಲಿಲ್ಲ. ಹಲ್ಲಕ್ಕ ಅತ್ತೆಯ ತೋಳು ಹಿಡಿದುಕೊಂಡರು.

“ಅತ್ತೆ, ಇದನ್ನ ಯಾರೋ ನೋಡಿ ಬಿಡಿಸಿದಾರೆ!”

“ಮತ್ತೆ ಕಣ್ಣು ಮುಚ್ಕೊಂಡು ಬಿಡಿಸ್ತಾರಾ? ಸುಮ್ನೆ ಕೂತ್ಕೋ.”

ಸುಮ್ಮನೆ ಕೂರಲಾಗಲಿಲ್ಲ. ಅಂಬಿಗನನ್ನು ಬಿಡಿಸಿದ ಕಲಾವಿದ ಯಾರು, ಯಾವ ಸ್ಟುಡಿಯೊದವರು ಎಂದು ಹುಡುಕಿದರು. ಒಂದು ಹಳೆಯ ಟ್ಯಾಬ್ಲೆಟ್ ತಂದರು. ದಿನವೂ ಬೆಳಗ್ಗೆ ಐದರಿಂದ ಏಳರವರೆಗೆ ಊಟದ ಮೇಜಿನ ಮೇಲೆ ಕಲಿತರು. ಒಂದು ಸೆಕೆಂಡಿಗೆ ಹನ್ನೆರಡು ಚಿತ್ರ. ನಾಲ್ಕು ವರ್ಷ ಕಳೆದಾಗ ಕೈಯಲ್ಲಿ ಹತ್ತೊಂಬತ್ತು ಸೆಕೆಂಡುಗಳಿದ್ದವು: ಒಬ್ಬ ಮುದುಕಿ ಬ್ರೆಡ್ಡು ತಿನ್ನುತ್ತಾ ಯಾರೊಂದಿಗೋ ಜಗಳವಾಡುತ್ತಾಳೆ. ಮಾದರಿ ಅತ್ತೆಯೇ, ಅವರ ಬಾಯಲ್ಲಿದ್ದ ಹಲ್ಲು ಸೊಸೆಯೇ ಮಾಡಿದ್ದು.

“ಇನ್ನೊಂದ್ಸಲ ಕಚ್ಚಿ ಅತ್ತೆ, ಮೊಣಕೈ ಅಡ್ಡ ಬಂತು.”

“ಇದು ಆರನೇ ತುಂಡು. ಹಲ್ಲು ಕೊಟ್ಟಿದ್ದು ನಾನು ತಿನ್ಲಿ ಅಂತಾನಾ, ನಿನ್ನ ಸಿನಿಮಾಗೆ ದುಡೀಲಿ ಅಂತಾನಾ?”

ಚಿತ್ರ ಚೆನ್ನಾಗಿದೆ ಎನ್ನುವವರಿಗೆ ಬರವಿರಲಿಲ್ಲ. ಗಂಡ ಕನ್ನಡಕ ಹಾಕಿಕೊಳ್ಳದೆಯೇ ಚೆನ್ನಾಗಿದೆ ಎಂದಿದ್ದರು. ಹಲ್ಲಕ್ಕನಿಗೆ ಬೇಕಾಗಿದ್ದುದು ಒಬ್ಬರ ಮಾತು. ಅಂಬಿಗನನ್ನು ಬಿಡಿಸಿದಾತ ಈ ಹತ್ತೊಂಬತ್ತು ಸೆಕೆಂಡು ನೋಡಬೇಕು, ಮುದುಕಿಗೆ ಜೀವವಿದೆಯೋ ಇಲ್ಲವೋ ಹೇಳಬೇಕು. ಇಲ್ಲ ಎಂದರೆ ಟ್ಯಾಬ್ಲೆಟ್ ಮಾರಿಬಿಡುವುದು, ಬೆಳಗ್ಗೆ ಏಳರವರೆಗೆ ನಿದ್ದೆ ಮಾಡುವುದು ಎಂದು ನಿರ್ಧರಿಸಿದ್ದರು.

ಸ್ಟುಡಿಯೊಗೆ ಒಂಬತ್ತು ಇಮೇಲ್ ಬರೆದರು. ಒಂಬತ್ತಕ್ಕೂ ಒಂದೇ ಉತ್ತರ, ಅದೂ ಒಂದೇ ನಿಮಿಷದೊಳಗೆ: ನಿಮ್ಮ ಅಭಿಮಾನಕ್ಕೆ ಧನ್ಯವಾದ, ಕಾನೂನು ಕಾರಣಗಳಿಂದ ನಮ್ಮ ಕಲಾವಿದರು ಹೊರಗಿನವರ ಚಿತ್ರಗಳನ್ನು ನೋಡುವುದಿಲ್ಲ.

ಹತ್ತನೆಯದರಲ್ಲಿ ಹೊಗಳಿಕೆಯ ನಡುವೆ ಒಂದು ವಾಕ್ಯ ನುಸುಳಿತು. ಅಂಬಿಗ ಆಕಳಿಸುವಾಗ ಮೇಲಿನ ಸಾಲಿನಲ್ಲಿ ಹದಿನಾಲ್ಕು ಹಲ್ಲಿವೆ, ನಗುವಾಗ ಹದಿನೈದಾಗುತ್ತವೆ, ಆದರೂ ನಗು ಅದ್ಭುತವಾಗಿದೆ ಎಂದು ಬರೆದಿದ್ದರು. ಈ ಸಲ ನಿಮಿಷದೊಳಗೆ ಉತ್ತರ ಬರಲಿಲ್ಲ. ಮಾರನೆಯ ದಿನ ಬಂತು: ನಿಮ್ಮ ದೂರು ದಾಖಲಾಗಿದೆ, ಹತ್ತು ದಿನಗಳಲ್ಲಿ ಪರಿಹರಿಸಲಾಗುವುದು.

ಮೂರನೆಯ ದಿನ ಫೋನು. ದೂರು ವಿಭಾಗದ ಅಧಿಕಾರಿಯದು, ಎಳೆಯ ದನಿ, ವಿಪರೀತ ವಿನಯ.

“ಮೇಡಂ, ಆ ಹೆಚ್ಚುವರಿ ಹಲ್ಲಿಂದ ನಿಮಗೆ ಏನು ತೊಂದರೆ ಆಯ್ತು ಅಂತ ಹೇಳ್ತೀರಾ?”

“ತೊಂದರೆ ಏನಿಲ್ಲಪ್ಪ. ಚೆನ್ನಾಗಿ ಬಿಡಿಸಿದಾರೆ ಅಂತ ಬರೆದೆ.”

“ದೈಹಿಕಾನಾ, ಮಾನಸಿಕಾನಾ?”

“ಏನು?”

“ಮಾನಸಿಕ ಅಂತ ಹಾಕ್ತೀನಿ ಮೇಡಂ. ನಿಮ್ಮ ಉದ್ಯೋಗ?”

“ಹಲ್ಲು ಮಾಡ್ತೀನಿ.”

ಆ ಕಡೆ ಹಾಳೆ ಮಗುಚುವ ಸದ್ದು. ದೂರು ಕೊಟ್ಟವರು ಆ ವಿಷಯದ ತಜ್ಞರಾಗಿದ್ದರೆ ಸಂಬಂಧಪಟ್ಟ ಕಲಾವಿದರೇ ಖುದ್ದಾಗಿ ಬಂದು ವಿವರಣೆ ಕೊಡಬೇಕಂತೆ. ನಿಯಮ ಮಾಡಿದ ಮೇಲೆ ಅದು ಯಾರಿಗೂ ಅನ್ವಯವಾಗಿರಲಿಲ್ಲವಂತೆ.

ಹಲ್ಲಕ್ಕ ಬಾಯಿಗೆ ಬಂದ “ದೂರು ವಾಪಸ್ ತಗೋತೀನಿ” ಎಂಬ ಮಾತನ್ನು ನುಂಗಿಕೊಂಡರು. “ಹೂಂ ಕಣಪ್ಪ, ಮಾನಸಿಕಾನೇ,” ಎಂದರು. “ಸ್ವಲ್ಪ ಜಾಸ್ತೀನೇ ಆಗಿದೆ.”

ಒಂಬತ್ತನೆಯ ದಿನ ಸಂಜೆ ಇಬ್ಬರು ಬಂದರು. ಮುಂದೆ ಫೈಲು ಹಿಡಿದ ಅಧಿಕಾರಿ, ಹಿಂದೆ ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದ ಅರವತ್ತೈದರ ಕಲಾವಿದ. ಹಲ್ಲಕ್ಕ ಬರೀ ಕೈ ಮುಗಿದು ಸೋಫಾ ತೋರಿಸಿದರು. ಕಲಾವಿದರು ಸೋಫಾದ ತುದಿಯಲ್ಲಿ ಕೂತು ಜೇಬಿನಿಂದ ಚೀಟಿ ತೆಗೆದು ಓದತೊಡಗಿದರು.

“ಹದಿನೈದನೇ ಹಲ್ಲಿನ ಬಗ್ಗೆ ನಾನು ವಿಷಾದ...”

ಅವರ ಬಾಯಲ್ಲಿ ಟಕ್ ಎಂದಿತು. ಮೂಲೆಯ ಕುರ್ಚಿಯಲ್ಲಿದ್ದ ಅತ್ತೆ ತಲೆಯೆತ್ತಿದರು.

“ನಿಮ್ಮ ಹಲ್ಲು ಯಾರು ಮಾಡಿದ್ದು?”

“ಅತ್ತೆ!”

“ಅಲ್ಲ, ಕುದುರೆ ನಡೆದಂಗೆ ಸದ್ದಾಗ್ತಿದೆ. ಕೇಳಬಾರದಾ?”

ಕಲಾವಿದರು ಚೀಟಿ ಮಡಚಿದರು. ಹನ್ನೊಂದು ವರ್ಷದಿಂದ ಸೆಟ್ಟು ಸರಿಯಾಗಿ ಕೂತಿಲ್ಲ ಎಂದರು. ಅಂಬಿಗನನ್ನು ಬಿಡಿಸುವಾಗ ಎದುರಿಗೆ ಕನ್ನಡಿ ಇಟ್ಟುಕೊಂಡು ತಾವೇ ಬ್ರೆಡ್ಡು ತಿಂದಿದ್ದರಂತೆ. ಆಮೇಲೆ ಎಷ್ಟೋ ಜನ ದೋಣಿಯನ್ನು ಹೊಗಳಿದರು, ನೀರನ್ನು ಹೊಗಳಿದರು, ದವಡೆಯನ್ನು ಯಾರೂ ಗಮನಿಸಲಿಲ್ಲ.

“ಎಡಕ್ಕೆ ಜಾರುತ್ತೆ,” ಎಂದರು ಹಲ್ಲಕ್ಕ. ಅಷ್ಟು ಹೊತ್ತಿನಲ್ಲಿ ಆಡಿದ ಮೊದಲ ಪೂರ್ತಿ ಮಾತು ಅದು. “ನಾಲಿಗೇಲಿ ಮೇಲಿನ ಸೆಟ್ಟು ಹಿಡ್ಕೋತೀರಿ.”

ಕಲಾವಿದರು ಆಕೆಯನ್ನು ಸರಿಯಾಗಿ ನೋಡಿದ್ದು ಆಗಲೇ. ಹಲ್ಲಕ್ಕ ಅದೇ ಧೈರ್ಯದಲ್ಲಿ ಟ್ಯಾಬ್ಲೆಟ್ ತಂದು ಅವರ ಮುಂದೆ ಹಿಡಿದರು. ಅಧಿಕಾರಿ ಫೈಲನ್ನು ಅಡ್ಡ ಹಿಡಿದ.

“ಮೇಡಂ, ಹೊರಗಿನವರ ಚಿತ್ರ ಸರ್ ನೋಡೋ ಹಾಗಿಲ್ಲ. ಸರ್, ದಯವಿಟ್ಟು ಆ ಕಡೆ ತಿರುಗಿ.”

ಕಲಾವಿದರು ವಿಧೇಯರಾಗಿ ಗೋಡೆಯ ಕಡೆ ತಿರುಗಿದರು.

“ಅಲ್ಲಯ್ಯಾ,” ಎಂದರು ಅತ್ತೆ, “ಇವಳು ದೂರು ಕೊಟ್ಟಿದಾಳೆ. ಸಾಕ್ಷಿ ಬೇಡ್ವಾ ನಿಮಗೆ? ಬಾಯಿ ಹೇಗಿರಬೇಕು ಅಂತ ತೋರಿಸೋಕೆ ಮಾಡಿರೋದು ಅದು. ನಾಲ್ಕು ವರ್ಷ ಬ್ರೆಡ್ಡು ಅಗಿದಿದೀನಿ ನಾನು, ತಮಾಷೆ ಅನ್ಕೊಂಡ್ಯಾ?”

ಅಧಿಕಾರಿ ಫೈಲು ಬಿಚ್ಚಿದ. ಬೆರಳಿಟ್ಟು ಓದಿದ. ಸಾಕ್ಷ್ಯವಿದ್ದಲ್ಲಿ ಅದನ್ನು ಪೂರ್ತಿ ವೀಕ್ಷಿಸಿ ಲಿಖಿತ ಅಭಿಪ್ರಾಯ ನೀಡತಕ್ಕದ್ದು ಎಂದಿತ್ತು. ಅವನ ಮುಖದಲ್ಲಿ ಪರೀಕ್ಷೆಯಲ್ಲಿ ಗೊತ್ತಿರುವ ಪ್ರಶ್ನೆ ಕಂಡವನ ಕಳೆ ಬಂತು.

“ಸರ್, ಈ ಕಡೆ ತಿರುಗಿ. ಪೂರ್ತಿ ನೋಡಲೇಬೇಕು.”

ಕಲಾವಿದರು ಮೂರು ಸಲ ನೋಡಿದರು. ನಾಲ್ಕನೆಯ ಸಲ ಅಂಗೈಯಿಂದ ಪರದೆಯ ಕೆಳಭಾಗ ಮುಚ್ಚಿ ಮುಖ ಮಾತ್ರ ನೋಡಿದರು. ಐದನೆಯ ಸಲ ಮುಖ ಮುಚ್ಚಿ ಉಳಿದದ್ದನ್ನು ನೋಡಿದರು. ಹಲ್ಲಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು.

“ಬಾಯಿ ನನ್ನ ಅಂಬಿಗನದಕ್ಕಿಂತ ಚೆನ್ನಾಗಿದೆ,” ಎಂದರು ಕಲಾವಿದರು ಕೊನೆಗೆ. “ಕುತ್ತಿಗೆಯಿಂದ ಕೆಳಗೆ ಯಾರೂ ಇಲ್ಲ. ಮೂಟೆ ಇಟ್ಟಿದೀರಿ. ಜಗಳ ಆಡೋ ಹೆಂಗಸಿನ ಭುಜ ಹೀಗೆ ಸುಮ್ನೆ ಇರುತ್ತಾ?”

“ನಂದು ಯಾವತ್ತೂ ಇರಲ್ಲ,” ಎಂದರು ಅತ್ತೆ.

“ಹಾಗಾದ್ರೆ ಜೀವ ಇದೆಯೋ ಇಲ್ವೋ?” ಹಲ್ಲಕ್ಕ ಸೆರಗು ಬಿಟ್ಟು ಕೇಳಿದರು.

“ತಲೆಗೆ ಬಂದಿದೆ. ಇನ್ನೂ ಇಳೀಬೇಕು.”

ಅಧಿಕಾರಿ ಅದನ್ನು ಅಕ್ಷರಶಃ ಬರೆದುಕೊಂಡ. ಆಮೇಲೆ ಒಂದು ಹಾಳೆಯನ್ನು ಹಲ್ಲಕ್ಕನ ಮುಂದಿಟ್ಟ. ಪರಿಹಾರದಿಂದ ತೃಪ್ತಿಯಾಗಿದೆ, ತೃಪ್ತಿಯಾಗಿಲ್ಲ ಎಂದು ಎರಡು ಚೌಕಗಳಿದ್ದವು. ಆಕೆ ಪೆನ್ನು ಹಿಡಿದು ಸೀದಾ ಮೊದಲನೆಯದಕ್ಕೇ ಹೋದರು. ಜೀವಮಾನದಲ್ಲಿ ಇಷ್ಟು ತೃಪ್ತಿ ಅವರಿಗೆ ಆಗಿರಲಿಲ್ಲ.

ಕಲಾವಿದರು ಕೆಮ್ಮಿದರು. “ಆಗಿಲ್ಲ ಅಂದ್ರೆ ಏನಾಗುತ್ತಪ್ಪಾ?” ಎಂದು ಅಧಿಕಾರಿಯನ್ನು ಕೇಳಿದರು.

“ದೂರು ಮುಗಿಯಲ್ಲ ಸರ್. ಹತ್ತು ದಿನದಲ್ಲಿ ನೀವು ಮತ್ತೆ ಬರ್ಬೇಕಾಗುತ್ತೆ.”

“ಭುಜಕ್ಕೆ ಹತ್ತು ದಿನ ಸಾಲಲ್ಲ,” ಎಂದರು ಕಲಾವಿದರು ಹಲ್ಲಕ್ಕನ ಕಡೆ ನೋಡಿ. “ಆದ್ರೂ ಶುರು ಮಾಡ್ಬಹುದು.”

ಹಲ್ಲಕ್ಕ ಪೆನ್ನನ್ನು ಪಕ್ಕದ ಚೌಕಕ್ಕೆ ಸರಿಸಿ, ಒತ್ತಿ ಗುರುತು ಹಾಕಿದರು. ಕಾರಣ ಎಂಬಲ್ಲಿ ತುಸು ಯೋಚಿಸಿ ಬರೆದರು: ಮಾನಸಿಕ.